ವೃತ್ತಿ ತೆರಿಗೆ: ಧಾರವಾಡ ಜಿಲ್ಲೆಯ ಗ್ರಾಮೀಣ ತಾಲ್ಲೂಕುಗಳು

ಸಂಬಳ, ವ್ಯಾಪಾರ, ವಕೀಲಿಕೆ, ವೈದ್ಯಕೀಯ ಮೊದಲಾದ ಗಳಿಕೆಯ ದಾರಿಗಳ ಮೇಲೆ ರಾಜ್ಯ ಸರ್ಕಾರ ವಸೂಲು ಮಾಡುವ ನೇರ ತೆರಿಗೆ. ಕರ್ನಾಟಕದಲ್ಲಿ ಇದಕ್ಕೆ ಆಧಾರ 1976ರ ವೃತ್ತಿ, ಕಸಬು, ಆಜೀವಿಕೆ ಮತ್ತು ಉದ್ಯೋಗಗಳ ಮೇಲಿನ ತೆರಿಗೆ ಕಾಯ್ದೆ. ಪಗಾರದ ಚೀಟಿಯಲ್ಲಿ ಇದು ‘ಪಿ.ಟಿ.’ ಎಂಬ ಎರಡಕ್ಷರ. ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ 2,500 ರೂಪಾಯಿಗಿಂತ ಹೆಚ್ಚು ವಸೂಲು ಮಾಡಲು ಸಂವಿಧಾನವೇ ಬಿಡುವುದಿಲ್ಲ.

ಸಂಬಳದಾರನ ದರ ಊರು ನೋಡುವುದಿಲ್ಲ, ಉದ್ಯಮವನ್ನೂ ನೋಡುವುದಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರಿಗೂ ಅಣ್ಣಿಗೇರಿಯ ಪ್ರಾಥಮಿಕ ಶಾಲೆಯ ಮಾಸ್ತರರಿಗೂ ತಿಂಗಳ ಕಡಿತ ಒಂದೇ. ಹೀಗಿದ್ದೂ ಅದರ ಭಾರ ಎಲ್ಲೆಡೆ ಒಂದೇ ಬಗೆಯಲ್ಲಿ ಬೀಳುವುದಿಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳಲ್ಲಿ ದುಡಿಯುವವರ ದೊಡ್ಡ ಪಾಲು ಹೊಲದಲ್ಲಿದೆ, ದಿನಗೂಲಿಯಲ್ಲಿದೆ, ಚಿಕ್ಕ ಅಂಗಡಿಯಲ್ಲಿದೆ. ಇವರಲ್ಲಿ ಹೆಚ್ಚಿನವರನ್ನು ಕಾಯ್ದೆ ಮುಟ್ಟುವುದೇ ಇಲ್ಲ. ಹಾಗಾಗಿ ಇಲ್ಲಿ ವೃತ್ತಿ ತೆರಿಗೆ ಎಂದರೆ ಬಹುಮಟ್ಟಿಗೆ ಸರ್ಕಾರಿ ನೌಕರರ, ಬ್ಯಾಂಕಿನವರ, ಬಸ್ ಮತ್ತು ವಿದ್ಯುತ್ ನಿಗಮಗಳ ಸಿಬ್ಬಂದಿಯ ತೆರಿಗೆ. ಅವರ ಜೊತೆಗೆ ಪೇಟೆಯ ನೋಂದಾಯಿತ ವರ್ತಕರು, ವಕೀಲರು, ವೈದ್ಯರು ಕೆಲವರು ಸೇರುತ್ತಾರೆ, ಅಷ್ಟೇ.

ಹಿನ್ನೆಲೆ

ಕಸುಬಿನ ಮೇಲೆ ತೆರಿಗೆ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಮಗ್ಗದೆರೆ, ಗಾಣದೆರೆಗಳ ಮಾತು ಮತ್ತೆ ಮತ್ತೆ ಬರುತ್ತದೆ. ಆ ವಂಶದ ಕೊನೆಗಾಲದಲ್ಲಿ ನಾಲ್ಕನೆಯ ಸೋಮೇಶ್ವರ ಅಣ್ಣಿಗೇರಿಯನ್ನೇ ರಾಜಧಾನಿ ಮಾಡಿಕೊಂಡಿದ್ದ. ಆಗ ಕಸುಬಿನ ತೆರಿಗೆ ಅನೇಕ ಕಡೆ ಊರ ದೇವಾಲಯಕ್ಕೋ ಅಗ್ರಹಾರಕ್ಕೋ ದತ್ತಿಯಾಗಿ ಹೋಗುತ್ತಿತ್ತು. ಮಗ್ಗವೂ ಗಾಣವೂ ಇದ್ದ ಊರಲ್ಲೇ ಅವುಗಳ ತೆರಿಗೆಯೂ ಖರ್ಚಾಗುತ್ತಿತ್ತು. ಈ ಅಂಶಕ್ಕೆ ಮುಂದೆ ಮರಳಬೇಕಾಗುತ್ತದೆ.

ಪೇಶ್ವೆಗಳ ಕಾಲಕ್ಕೆ ಬರುವಷ್ಟರಲ್ಲಿ ಇದರ ಹೆಸರು ಮೊಹತರ್ಫಾ ಎಂದಾಗಿತ್ತು. ನೇಕಾರ, ಗಾಣಿಗ, ಅಂಗಡಿಕಾರ ಎಲ್ಲರೂ ಅದರ ಬಲೆಯಲ್ಲಿದ್ದರು. 1818ರಲ್ಲಿ ಧಾರವಾಡ ಸೀಮೆ ಇಂಗ್ಲಿಷರ ಕೈಗೆ ಬಂದ ಮೇಲೂ ಕೆಲವು ದಶಕ ಇದು ಉಳಿಯಿತು. 1844ರ 19ನೆಯ ಕಾಯ್ದೆ ಮುಂಬಯಿ ಪ್ರಾಂತ್ಯದಲ್ಲಿ ಪಟ್ಟಣ ಸುಂಕ, ಮೊಹತರ್ಫಾ, ಬಲೂತಿ (ಆಯಗಾರರ ಮೇಲಿನ) ತೆರಿಗೆಗಳನ್ನು, ಕಸುಬುಗಳ ಮೇಲಿನ ಎಲ್ಲ ಪಟ್ಟಿಗಳನ್ನು ಒಂದೇ ಏಟಿಗೆ ತೆಗೆದುಹಾಕಿತು. ಪಕ್ಕದ ಮದರಾಸು ಪ್ರಾಂತ್ಯದ ನೇಕಾರರು ಇದೇ ಬಿಡುಗಡೆಗಾಗಿ ಇನ್ನೂ ಹದಿನೈದು ವರ್ಷಕ್ಕೂ ಮೇಲ್ಪಟ್ಟು ಕಾಯಬೇಕಾಯಿತು. ಒಂದೇ ಕಸುಬಿಗೆ ಪ್ರಾಂತ್ಯದ ಗಡಿ ದಾಟಿದರೆ ಬೇರೆ ನ್ಯಾಯ ಎಂಬುದು ಆಗಲೂ ಇತ್ತು. ನಮ್ಮ ನಾಲ್ಕು ತಾಲ್ಲೂಕುಗಳ ಒಳಗೂ ಅಂಥದೊಂದು ಗಡಿ ಹಾದುಹೋಗಿತ್ತು. ಕುಂದಗೋಳ ಇಂಗ್ಲಿಷರದಾಗಿರಲಿಲ್ಲ, ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಮುಂಬಯಿಯ ಕಾಯ್ದೆಗಳು ಅಲ್ಲಿಗೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. ಈ ಬೇರ್ಪಾಡು 1948ರಲ್ಲಿ ಸಂಸ್ಥಾನ ವಿಲೀನವಾಗುವ ತನಕ ನಡೆಯಿತು.

ತೆಗೆದ ತೆರಿಗೆ ಇನ್ನೊಂದು ಹೆಸರಿನಲ್ಲಿ ಮರಳಿತು. 1876–78ರ ಭೀಕರ ಬರ, ಅಂದರೆ ಧಾತು ಈಶ್ವರ ಸಂವತ್ಸರಗಳ ಬರ, ಧಾರವಾಡ ಜಿಲ್ಲೆಯನ್ನು ಜರ್ಜರಿತಗೊಳಿಸಿತ್ತು. ಮುಂದಿನ ಬರಗಳಿಗೆ ನಿಧಿ ಕೂಡಿಸುವ ಹೆಸರಿನಲ್ಲಿ 1878ರಲ್ಲಿ ಮುಂಬಯಿ ಸರ್ಕಾರ ವ್ಯಾಪಾರಿಗಳ ಮತ್ತು ಕಸುಬುದಾರರ ಮೇಲೆ ಲೈಸೆನ್ಸ್ ತೆರಿಗೆ ಹಾಕಿತು. ಭೂಕಂದಾಯ ಕಟ್ಟುವ ರೈತ ಆಗಲೇ ಹೊರೆ ಹೊತ್ತಿದ್ದಾನೆ, ಇನ್ನು ವ್ಯಾಪಾರಿಯೂ ಹೊರಲಿ ಎಂಬುದು ಸರ್ಕಾರದ ವಾದ. ಸೂರತ್ತಿನಲ್ಲಿ ಇದರ ವಿರುದ್ಧ ದಂಗೆಯೇ ಆಯಿತು. 1886ರ ಆದಾಯ ತೆರಿಗೆ ಕಾಯ್ದೆ ಬಂದಾಗ ಈ ಲೈಸೆನ್ಸ್ ತೆರಿಗೆ ಅದರೊಳಗೆ ಕರಗಿತು. ಆದರೆ ಅಂದು ಬಿದ್ದ ಒಂದು ಗೆರೆ ಅಳಿಯಲಿಲ್ಲ. ಒಕ್ಕಲುತನ ಒಂದು ಕಡೆ, ‘ವೃತ್ತಿ’ ಇನ್ನೊಂದು ಕಡೆ. ಇಂದಿನ ಕಾಯ್ದೆಯೂ ಆ ಗೆರೆಯ ಮೇಲೆಯೇ ನಿಂತಿದೆ.

1935ರ ಭಾರತ ಸರ್ಕಾರ ಕಾಯ್ದೆಯಡಿ ವೃತ್ತಿ ತೆರಿಗೆಯ ಅಧಿಕಾರ ಪ್ರಾಂತ್ಯಗಳಿಗೆ ಸೇರಿತು. ಇದು ಆದಾಯ ತೆರಿಗೆಯ ಮರುರೂಪವಾಗಬಾರದು ಎಂಬ ಅಂಜಿಕೆಯಿಂದ ಅದಕ್ಕೆ ವರ್ಷಕ್ಕೆ 50 ರೂಪಾಯಿಯ ಮಿತಿ ಬಿತ್ತು. ಸಂವಿಧಾನದ 276ನೆಯ ವಿಧಿ ಆ ಮಿತಿಯನ್ನು 250 ಮಾಡಿತು. 1988ರ ಅರವತ್ತನೆಯ ತಿದ್ದುಪಡಿ 2,500ಕ್ಕೆ ಏರಿಸಿತು. ಆಮೇಲೆ ಅದು ಕದಲಿಲ್ಲ.

ಕರ್ನಾಟಕದಲ್ಲಿ 1976ಕ್ಕೆ ಮೊದಲು ಈ ಬಗೆಯ ತೆರಿಗೆ ಸ್ಥಳೀಯ ಸಂಸ್ಥೆಗಳ ಅಧಿಕಾರವಾಗಿತ್ತು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಬಂದ ಹೊಸ ಕಾಯ್ದೆ ಅದನ್ನು ರಾಜ್ಯದ ಬೊಕ್ಕಸಕ್ಕೆ ತಿರುಗಿಸಿತು. 1976ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ಕಾಯ್ದೆಯನ್ನು ವಾಣಿಜ್ಯ ತೆರಿಗೆ ಇಲಾಖೆ ನಡೆಸುತ್ತದೆ. ಅದೇ ವರ್ಷ ಧಾರವಾಡದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕು ಶುರುವಾಯಿತು. ಹಳ್ಳಿಗಳಲ್ಲಿ ಕಾಯಂ ಪಗಾರದ ಹೊಸ ವರ್ಗವೊಂದು ಬೆಳೆಯತೊಡಗಿದ ಹೊತ್ತಿಗೆ ಸರಿಯಾಗಿ ಆ ಪಗಾರದ ಮೇಲಿನ ತೆರಿಗೆ ಬೆಂಗಳೂರಿನ ದಾರಿ ಹಿಡಿಯಿತು.

ಕಾಯ್ದೆ ಕೆಲಸ ಮಾಡುವ ಬಗೆ

ಕಾಯ್ದೆಗೆ ಎರಡು ಬಾಗಿಲು. ಸಂಬಳ ಕೊಡುವ ಮಾಲೀಕ ಅಥವಾ ಕಚೇರಿ ನೋಂದಣಿ ಪತ್ರ ಪಡೆದು, ನೌಕರರ ಪಗಾರದಲ್ಲಿ ಹಿಡಿದು, ಮುಂದಿನ ತಿಂಗಳ 20ರೊಳಗೆ ಸರ್ಕಾರಕ್ಕೆ ಕಟ್ಟಬೇಕು. ಹಿಡಿಯಲು ಮರೆತರೂ ಕಟ್ಟುವ ಹೊಣೆ ತಪ್ಪುವುದಿಲ್ಲ. ತಡವಾದರೆ ಬಡ್ಡಿ, ದಂಡ. ಸ್ವಂತ ವೃತ್ತಿಯವರು, ವರ್ತಕರು, ಸಂಸ್ಥೆಗಳು ದಾಖಲಾತಿ ಪತ್ರ ಪಡೆದು ವರ್ಷಕ್ಕೊಮ್ಮೆ ಏಪ್ರಿಲ್ ಕೊನೆಯೊಳಗೆ ಪಾವತಿಸಬೇಕು. ವಕೀಲರು, ವೈದ್ಯರು, ಎಂಜಿನಿಯರರು, ನೋಂದಾಯಿತ ವರ್ತಕರು, ಪೆಟ್ರೋಲ್ ಬಂಕು, ನರ್ಸಿಂಗ್ ಹೋಮು, ಚಿತ್ರಮಂದಿರಗಳ ಮಾಲೀಕರು ಮುಂತಾದವರ ಹೆಸರು ಕಾಯ್ದೆಯ ಅನುಸೂಚಿಯಲ್ಲಿ ಬರುತ್ತದೆ. ಒಕ್ಕಲುತನ ಅಲ್ಲಿಲ್ಲ.

ಸಂಬಳದಾರರ ಮಟ್ಟಿಗೆ ವಿನಾಯಿತಿಯ ಗೆರೆ ಮೇಲೇರುತ್ತ ಬಂದಿದೆ. 2015ರಿಂದ ತಿಂಗಳಿಗೆ 15,000ಕ್ಕಿಂತ ಕಡಿಮೆ ಪಗಾರದವರಿಗೆ ತೆರಿಗೆ ಇರಲಿಲ್ಲ. 2023ರ ಏಪ್ರಿಲಿನಿಂದ ಆ ಗೆರೆ 25,000 ಆಯಿತು. ಅಷ್ಟು ಮತ್ತು ಅದಕ್ಕಿಂತ ಹೆಚ್ಚು ಪಡೆಯುವವರು ತಿಂಗಳಿಗೆ 200 ರೂಪಾಯಿ ಕೊಡುತ್ತಾರೆ. ಹೀಗೆ ವರ್ಷಕ್ಕೆ 2,400 ಆಗುತ್ತಿತ್ತು. ಸಂವಿಧಾನ ಬಿಟ್ಟುಕೊಟ್ಟ ಆ ನೂರು ರೂಪಾಯಿಯನ್ನೂ ಸರ್ಕಾರ ಬಿಡಲಿಲ್ಲ. 2025ರ ಏಪ್ರಿಲಿನಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಫೆಬ್ರುವರಿ ಪಗಾರದಲ್ಲಿ 300 ಹಿಡಿಯುತ್ತಾರೆ. ಮಹಾರಾಷ್ಟ್ರ ಬಹುಕಾಲದಿಂದ ಮಾಡುತ್ತಿದ್ದ ಲೆಕ್ಕವೇ ಇದು.

ವಿನಾಯಿತಿಗಳ ಪಟ್ಟಿ ಓದಲು ಸ್ವಾರಸ್ಯಕರ. ಸೇನೆಯವರಿಗೆ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಉಳ್ಳವರಿಗೆ, ಒಂದೇ ಆಟೋ ಅಥವಾ ಒಂದೇ ಟ್ಯಾಕ್ಸಿಯ ಪರ್ಮಿಟ್ ಇರುವವರಿಗೆ, ಒಂದೇ ಮಗುವಾದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಬಿಡುವಿದೆ. ಕನ್ನಡ, ಇಂಗ್ಲಿಷ್ ಟೈಪಿಂಗ್ ಮತ್ತು ಶೀಘ್ರಲಿಪಿ ಕಲಿಸುವ ಸಂಸ್ಥೆಗಳಿಗೂ ಇದೆ. ಆ ಸಂಸ್ಥೆಗಳು ಊರೂರಿನಲ್ಲಿ ಬಾಗಿಲು ಹಾಕಿದರೂ ವಿನಾಯಿತಿ ಮಾತ್ರ ಬಾಗಿಲು ತೆರೆದುಕೊಂಡು ಕೂತಿದೆ. ಊರನ್ನು ಊರಾಗಿ ಗುರುತಿಸುವ ವಿನಾಯಿತಿಯೊಂದೂ ಇಲ್ಲಿದೆ: ತಾಲ್ಲೂಕು ಮಟ್ಟಕ್ಕಿಂತ ಕೆಳಗಿನ ಸ್ಥಳಗಳಲ್ಲಿರುವ ಧರ್ಮಾರ್ಥ ಆಸ್ಪತ್ರೆಗಳು ತೆರಿಗೆ ಕಟ್ಟಬೇಕಿಲ್ಲ. ಅಣ್ಣಿಗೇರಿ ಮೊದಲು ನವಲಗುಂದ ತಾಲ್ಲೂಕಿನ ಒಂದು ಊರಾಗಿತ್ತು, ಈಗ ತಾನೇ ತಾಲ್ಲೂಕು ಕೇಂದ್ರ. ಕಾಯ್ದೆಯನ್ನು ಅಕ್ಷರಶಃ ಓದಿದರೆ, ಅಲ್ಲಿ ಅಂಥ ಆಸ್ಪತ್ರೆ ನಡೆಸುವವರಿಗೆ ತಾಲ್ಲೂಕು ಬಂದ ದಿನವೇ ವಿನಾಯಿತಿ ಹೋಯಿತು.

ಎಲ್ಲಕ್ಕಿಂತ ದೊಡ್ಡ ವಿನಾಯಿತಿ ಪಟ್ಟಿಯಲ್ಲಿಲ್ಲ, ‘ವ್ಯಕ್ತಿ’ ಎಂದರೆ ಯಾರು ಎಂದು ಕಾಯ್ದೆ ಹೇಳುವ ಸಾಲಿನಲ್ಲಿದೆ. ಕಾಯಂ ಅಲ್ಲದೆ ಕೂಲಿ ಗಳಿಸುವವರು ಕಾಯ್ದೆಯ ಕಣ್ಣಿಗೆ ‘ವ್ಯಕ್ತಿ’ಗಳೇ ಅಲ್ಲ. ಗ್ರಾಮೀಣ ಧಾರವಾಡದ ಬಹುಪಾಲು ಕೂಲಿಕಾರರು ಹೊರಗುಳಿದದ್ದು ಈ ಒಂದು ಸಾಲಿನಿಂದ.

ನಾಲ್ಕು ತಾಲ್ಲೂಕುಗಳು, ಅವುಗಳ ದುಡಿಮೆ

2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 18.47 ಲಕ್ಷ. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಸುಮಾರು 9.4 ಲಕ್ಷ, ಹುಬ್ಬಳ್ಳಿ–ಧಾರವಾಡ ಅವಳಿ ನಗರದಲ್ಲಿತ್ತು. ರೈಲ್ವೆ ವಲಯದ ಕೇಂದ್ರ ಕಚೇರಿ, ಕಾರ್ಖಾನೆಗಳು, ವಿಶ್ವವಿದ್ಯಾಲಯಗಳು, ದೊಡ್ಡ ಆಸ್ಪತ್ರೆಗಳು ಎಲ್ಲವೂ ಅಲ್ಲೇ. ಕುಂದಗೋಳದಿಂದ, ಅಣ್ಣಿಗೇರಿಯಿಂದ ರೈಲು ಹಿಡಿದು, ಕಲಘಟಗಿ ಮತ್ತು ನವಲಗುಂದದಿಂದ ಬಸ್ಸು ಹತ್ತಿ ಹುಬ್ಬಳ್ಳಿಗೆ ದಿನವೂ ದುಡಿಯಲು ಹೋಗಿಬರುವವರ ತೆರಿಗೆ ಮಾಲೀಕನ ನೋಂದಣಿ ಇರುವ ಕಡೆ ಲೆಕ್ಕಕ್ಕೆ ಬೀಳುತ್ತದೆ. ಆದ್ದರಿಂದ ಇಂಥ ತಾಲ್ಲೂಕಿನವರು ಇಷ್ಟು ವೃತ್ತಿ ತೆರಿಗೆ ಕೊಟ್ಟರು ಎಂದು ಲೆಕ್ಕ ಹಾಕುವುದು ಕಷ್ಟ, ಹಾಕಿದರೂ ಅದು ಅರ್ಧಸತ್ಯ.

ನವಲಗುಂದ ಮತ್ತು ಅಣ್ಣಿಗೇರಿ ಎರೆ ಭೂಮಿಯ ಸೀಮೆ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ. ಹಿಂಗಾರಿಗೆ ಕಡಲೆ, ಜೋಳ, ಗೋದಿ, ಕುಸುಬೆ. ಬೆಣ್ಣೆಹಳ್ಳ, ತುಪ್ಪರಿಹಳ್ಳ ಒಮ್ಮೆ ಉಕ್ಕಿದರೆ ಹೊಲ ಹೋಗುತ್ತದೆ, ಮಳೆ ಕೈಕೊಟ್ಟರೂ ಹೋಗುತ್ತದೆ. ಇಲ್ಲಿನ ಗಳಿಕೆಗೆ ತಿಂಗಳ ಲೆಕ್ಕವೇ ಹೊಂದುವುದಿಲ್ಲ. ಸುಗ್ಗಿ ಬಂದಾಗ ಒಟ್ಟಿಗೆ ಬರುವ ದುಡ್ಡು ಸೊಸೈಟಿ ಸಾಲಕ್ಕೂ ಅಡತಿ ಅಂಗಡಿಯ ಬಾಕಿಗೂ ಹೋಗಿ, ಉಳಿದದ್ದು ಬಿತ್ತನೆಯ ತನಕ ಸಾಗಬೇಕು. ತಿಂಗಳ ಪಗಾರವನ್ನು ಅಳತೆಗೋಲು ಮಾಡಿಕೊಂಡ ತೆರಿಗೆ ಇವರನ್ನು ಬಿಟ್ಟದ್ದಕ್ಕೆ ಕನಿಕರಕ್ಕಿಂತ ಅಳೆಯಲಾಗದ ತೊಡಕೇ ದೊಡ್ಡ ಕಾರಣವಿರಬೇಕು.

ಹತ್ತಿಯ ಸುತ್ತ ಹಬ್ಬಿದ ಉದ್ಯಮದಲ್ಲಿ ಈ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣಾಳು ತೂಕದ ಲೆಕ್ಕದಲ್ಲಿ ಕೂಲಿ ಪಡೆಯುತ್ತಾಳೆ. ಅಂಡಿಗೆ ಹೇರುವ ಹಮಾಲ ಎಣಿಕೆಯ ಮೇಲೆ. ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಸುಗ್ಗಿಯ ಕೆಲವು ತಿಂಗಳು ಕೆಲಸ, ಉಳಿದ ಕಾಲ ಇಲ್ಲ. ಅಲ್ಲಿ ವರ್ಷಪೂರ್ತಿ ಪಗಾರ ಪಡೆಯುವವರು ಮ್ಯಾನೇಜರು, ಲೆಕ್ಕ ಬರೆಯುವ ಗುಮಾಸ್ತ, ಯಂತ್ರ ನೋಡಿಕೊಳ್ಳುವ ಫಿಟ್ಟರು. 25,000ದ ಗೆರೆ ದಾಟುವವರು ಅವರೊಳಗೂ ಕೆಲವರೇ. ಫ್ಯಾಕ್ಟರಿಯ ಮಾಲೀಕ ವರ್ತಕನಾಗಿ ವರ್ಷದ ತೆರಿಗೆ ಕಟ್ಟುತ್ತಾನೆ, ಅಲ್ಲಿಗೆ ಮುಗಿಯಿತು. ಹತ್ತಾರು ಜನ ದುಡಿಯುವ ಒಂದು ಫ್ಯಾಕ್ಟರಿಯಿಂದ ಬರುವ ವೃತ್ತಿ ತೆರಿಗೆ, ಎದುರಿಗಿರುವ ಸರ್ಕಾರಿ ಪ್ರೌಢಶಾಲೆಯ ಎಂಟು ಮಂದಿ ಶಿಕ್ಷಕರ ತೆರಿಗೆಗಿಂತ ಕಡಿಮೆಯಾಗಿರುವುದು ಸಾಧ್ಯ. ಕಾಯ್ದೆಯ ಗಣಿತ ಹಾಗಿದೆ.

ಅದೇ ಫ್ಯಾಕ್ಟರಿ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ ವ್ಯಾಪ್ತಿಗೆ ಬಂದಿದ್ದರೆ ಚಿತ್ರ ತಿರುಗುಮುರುಗಾಗುತ್ತದೆ. ಇಎಸ್‌ಐ 21,000 ರೂಪಾಯಿಯವರೆಗಿನ ಪಗಾರಕ್ಕೆ ಅನ್ವಯಿಸುತ್ತದೆ. ಕಾರ್ಮಿಕನಿಂದ ಶೇಕಡಾ 0.75, ಮಾಲೀಕನಿಂದ ಶೇಕಡಾ 3.25. ಹದಿನೈದು ಸಾವಿರದ ಕಾರ್ಮಿಕನಿಗೆ ತಿಂಗಳಿಗೆ 112 ರೂಪಾಯಿ 50 ಪೈಸೆ ಹೋಗುತ್ತದೆ, ಮಾಲೀಕನಿಗೆ 487 ರೂಪಾಯಿ 50 ಪೈಸೆ ಬೀಳುತ್ತದೆ. ಮಾಲೀಕರು ‘ಆಳಿನ ಖರ್ಚು’ ಎಂದು ಲೆಕ್ಕ ಹಾಕುವುದು ಇದನ್ನೇ, ಭವಿಷ್ಯನಿಧಿಯನ್ನೇ. ನೌಕರನ ಜೇಬಿನಿಂದ ಹೋಗುವ 200 ರೂಪಾಯಿ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದಿಲ್ಲ. ಚಿಕ್ಕ ಸಂಸ್ಥೆಗೆ ವೃತ್ತಿ ತೆರಿಗೆಯ ಕಿರಿಕಿರಿ ಹಣದ್ದಲ್ಲ, ಕಾಗದದ್ದು. ತಿಂಗಳ ವಿವರಣೆ ಪತ್ರ, ವರ್ಷದ ರಿಟರ್ನು, ತಪ್ಪಿದರೆ ನೋಟಿಸು. ಹುಬ್ಬಳ್ಳಿಯ ದೊಡ್ಡ ಕಂಪನಿಗೆ ಇದು ಲೆಕ್ಕವಿಭಾಗದ ಕಂಪ್ಯೂಟರಿನ ಕೆಲಸ. ಗೆರೆ ದಾಟಿದ ಒಬ್ಬನೇ ಗುಮಾಸ್ತನಿರುವ ಅಣ್ಣಿಗೇರಿಯ ಅಡತಿ ಅಂಗಡಿಗೆ ಅದು ತೆರಿಗೆ ಸಲಹೆಗಾರನ ಬಳಿ ಹೋಗಿಬರುವ ಕೆಲಸ.

ನವಲಗುಂದದ ಜಮಖಾನದ ಮಾತು ಬೇರೆ. ಪಗಡೆ ಹಾಸಿನ ನಮೂನೆಗೆ, ಗಾಢ ಬಣ್ಣಗಳಿಗೆ ಹೆಸರಾದ, ಭೌಗೋಳಿಕ ಸೂಚಿಕೆ ಪಡೆದ ಈ ನೇಯ್ಗೆ ಮುಸ್ಲಿಂ ಹೆಣ್ಣುಮಕ್ಕಳ ಕೈಯಲ್ಲಿ ಉಳಿದುಬಂದಿದೆ. ಬಿಜಾಪುರದಿಂದ ವಲಸೆ ಬಂದ ಮನೆತನಗಳ ವಿದ್ಯೆ ಇದು ಎನ್ನುತ್ತಾರೆ. ನೇಯ್ದಷ್ಟಕ್ಕೆ ಮಜೂರಿ. ಮಗ್ಗದೆರೆಯ ಕಾಲದಲ್ಲಿ, ಮೊಹತರ್ಫಾದ ಕಾಲದಲ್ಲಿ ಮಗ್ಗವೇ ಗುರಿಯಾಗಿತ್ತು. ಇವತ್ತಿನ ಕಾಯ್ದೆಗೆ ಅದು ಕಾಣುವುದೇ ಇಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವ ಚಿತ್ರಗಾರ ಮನೆತನಗಳ ಸ್ಥಿತಿಯೂ ಇದೇ. ಗಳಿಕೆ ಕಡಿಮೆ ಎಂಬ ಕಾರಣಕ್ಕೆ ತೆರಿಗೆ ಇಲ್ಲದಿರುವುದನ್ನು ಪ್ರೋತ್ಸಾಹ ಎಂದು ಕರೆಯಬಾರದು.

ಕಲಘಟಗಿ ಮಲೆನಾಡಿನ ಸೆರಗು. ಭತ್ತ, ಗೋವಿನಜೋಳ, ಕಬ್ಬು, ಕಾಡು. ಅಕ್ಕಿ ಗಿರಣಿಗಳು, ಯಲ್ಲಾಪುರದ ಕಡೆ ಹೋಗುವ ಹೆದ್ದಾರಿಯ ಪಕ್ಕದ ಢಾಬಾಗಳು, ಪೆಟ್ರೋಲ್ ಬಂಕುಗಳು, ಲಾರಿ ವ್ಯವಹಾರ. ನಾಲ್ಕೂ ತಾಲ್ಲೂಕುಗಳಲ್ಲಿ ಹೆದ್ದಾರಿಗೆ ಅಂಟಿದ ವ್ಯಾಪಾರವೇ ಅನುಸೂಚಿಯ ಕಣ್ಣಿಗೆ ಬೇಗ ಬೀಳುವಂಥದು, ಏಕೆಂದರೆ ಅದಕ್ಕೆ ಜಿಎಸ್‌ಟಿ ನೋಂದಣಿ ಇರುತ್ತದೆ ಮತ್ತು ಎರಡನ್ನೂ ನೋಡುವ ಇಲಾಖೆ ಒಂದೇ. ಕುಂದಗೋಳದ ಮೆಣಸಿನಕಾಯಿ ಮತ್ತು ಹತ್ತಿಯ ವಹಿವಾಟಿನ ದೊಡ್ಡ ಭಾಗ ಬ್ಯಾಡಗಿ ಮತ್ತು ಹುಬ್ಬಳ್ಳಿಯ ಮಾರುಕಟ್ಟೆಗಳಲ್ಲಿ ನಡೆಯುತ್ತದೆ. ಬೆಳೆ ಕುಂದಗೋಳದ್ದು, ವರ್ತಕನ ನೋಂದಣಿ ಬೇರೆ ಊರಿನದು.

ಹಾಗಾದರೆ ಈ ತಾಲ್ಲೂಕುಗಳಲ್ಲಿ ತೆರಿಗೆ ಕೊಡುವವರು ಯಾರು? ಶಿಕ್ಷಕರು, ಕಂದಾಯ ಮತ್ತು ಆರೋಗ್ಯ ಇಲಾಖೆಯವರು, ಪೊಲೀಸರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ವಾಯವ್ಯ ಸಾರಿಗೆಯ ಚಾಲಕ–ನಿರ್ವಾಹಕರು, ಹೆಸ್ಕಾಂ ಲೈನ್‌ಮನ್ನರು, ಬ್ಯಾಂಕಿನವರು. ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟಿನಿಂದ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನವೇ 17,000ದಿಂದ 27,000ಕ್ಕೆ ಏರಿತು. ಅಲ್ಲಿಗೆ ಕಚೇರಿಯ ಜವಾನನಿಂದ ಹಿಡಿದು ತಹಶೀಲ್ದಾರರ ತನಕ ರಾಜ್ಯದ ಪ್ರತಿಯೊಬ್ಬ ಕಾಯಂ ನೌಕರನೂ ಗೆರೆಯ ಮೇಲೆ ಬಂದ. ಇತ್ತ ಖಾಸಗಿ ಶಾಲೆಯ ಶಿಕ್ಷಕಿ, ಪಿಗ್ಮಿ ಸಂಗ್ರಹಿಸುವ ಏಜೆಂಟು, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆಯರಂಥವರು ಗೆರೆಯ ಕೆಳಗೆ ದೂರದಲ್ಲೇ ಇದ್ದಾರೆ. ಗೆರೆ 25,000ಕ್ಕೆ ಏರಿದ್ದೂ ಕನಿಷ್ಠ ಮೂಲ ವೇತನ 27,000ಕ್ಕೆ ಏರಿದ್ದೂ ಸೇರಿ, ಗ್ರಾಮೀಣ ಭಾಗದ ವೃತ್ತಿ ತೆರಿಗೆಯನ್ನು ಹೆಚ್ಚು ಕಡಿಮೆ ಸರ್ಕಾರ ತನ್ನ ನೌಕರರಿಗೆ ಕೊಟ್ಟು ತಾನೇ ಹಿಂದಕ್ಕೆ ಹಿಡಿದುಕೊಳ್ಳುವ ಹಣವನ್ನಾಗಿ ಮಾಡಿವೆ.

ಗೆರೆ ದಾಟಿದವರೊಳಗೂ ಭಾರ ಸಮನಾಗಿಲ್ಲ. ತಿಂಗಳಿಗೆ 25,000 ಪಡೆಯುವವನಿಗೆ 2,500 ರೂಪಾಯಿ ವರ್ಷದ ಗಳಿಕೆಯ ಶೇಕಡಾ 0.83. ಲಕ್ಷ ರೂಪಾಯಿ ಪಡೆಯುವವನಿಗೆ ಶೇಕಡಾ 0.21. ಮೇಲಕ್ಕೆ ಹೋದಷ್ಟೂ ಹಗುರ. ಹೊಸ ಪದ್ಧತಿಯ ಆದಾಯ ತೆರಿಗೆಯಲ್ಲಿ 2025–26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳದಂತಾದ ಮೇಲೆ, ಅದನ್ನು ಆರಿಸಿಕೊಂಡ ಹಳ್ಳಿ ಶಾಲೆಯ ಅನೇಕ ಶಿಕ್ಷಕರಿಗೆ ಪಗಾರದ ಚೀಟಿಯಲ್ಲಿ ಕಾಣುವ ಒಂದೇ ನೇರ ತೆರಿಗೆ ಈ ಪಿ.ಟಿ. ಹಳೆಯ ಪದ್ಧತಿಯಲ್ಲಿ ಕಟ್ಟಿದ ವೃತ್ತಿ ತೆರಿಗೆಯನ್ನು ಆದಾಯದಿಂದ ಕಳೆಯಲು ಅವಕಾಶವಿದೆ, ಹೊಸದರಲ್ಲಿ ಅದೂ ಇಲ್ಲ.

ಬ್ರಿಟನ್ನಿನ ಒಂದು ಪ್ರಯೋಗ

ಉದ್ಯಮ ನೋಡಿ, ಪ್ರದೇಶ ನೋಡಿ ಉದ್ಯೋಗ ತೆರಿಗೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಪ್ರಸಿದ್ಧ ನಿದರ್ಶನ ಬ್ರಿಟನ್ನಿನ ಆಯ್ದ ಉದ್ಯೋಗ ತೆರಿಗೆ. 1966ರಲ್ಲಿ ಹಣಕಾಸು ಸಚಿವ ಜೇಮ್ಸ್ ಕ್ಯಾಲಹ್ಯಾನ್ ತಂದ ಈ ತೆರಿಗೆಯ ಹಿಂದಿನ ತಲೆ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೊರ್. ಇವರು 1956ರಲ್ಲಿ ಭಾರತಕ್ಕೆ ಬಂದು ವೆಚ್ಚ ತೆರಿಗೆ, ಸಂಪತ್ತಿನ ತೆರಿಗೆಗಳನ್ನು ಶಿಫಾರಸು ಮಾಡಿದವರೇ. ಮಾಲೀಕರು ಪ್ರತಿ ಗಂಡಾಳಿಗೆ ವಾರಕ್ಕೆ 25 ಶಿಲ್ಲಿಂಗ್ ಕಟ್ಟಬೇಕಿತ್ತು. ಕಾರ್ಖಾನೆಗಳಿಗೆ ಅದು ಮರಳಿ ಸಿಗುತ್ತಿತ್ತು, ಮೇಲೆ ಒಂದಿಷ್ಟು ಹೆಚ್ಚುವರಿ ಹಣವೂ. ಕೃಷಿಗೆ ಕಟ್ಟಿದಷ್ಟು ವಾಪಸ್ಸು. ಅಂಗಡಿ, ಹೋಟೆಲು, ಕ್ಷೌರದಂಗಡಿಗಳಂಥ ಸೇವೆಗಳಿಗೆ ಏನೂ ಇಲ್ಲ. ಸೇವೆಗಳಿಂದ ಆಳುಗಳು ಕಾರ್ಖಾನೆಗೆ ಹರಿಯಲಿ ಎಂಬುದು ಲೆಕ್ಕಾಚಾರ.

ಕಾರ್ಖಾನೆಗಳೇ ಇಲ್ಲದ, ಪ್ರವಾಸಿಗರನ್ನು ನಂಬಿದ ಸ್ಕಾಟ್ಲೆಂಡಿನ ಗುಡ್ಡಗಾಡಿನಂಥ ಸೀಮೆಗಳು ಇದರಿಂದ ಕಂಗೆಟ್ಟವು. ಮರುವರ್ಷವೇ ಹಿಂದುಳಿದ ಪ್ರದೇಶಗಳ ಕಾರ್ಖಾನೆಗಳಿಗೆ ಪ್ರಾದೇಶಿಕ ಉದ್ಯೋಗ ಸಹಾಯಧನ ಬಂತು, ಆಮೇಲೆ ಗ್ರಾಮೀಣ ಹೋಟೆಲುಗಳಿಗೆ ರಿಯಾಯಿತಿ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಾಗ ಇದು ರದ್ದಾಯಿತು. ಕರ್ನಾಟಕದ ತೆರಿಗೆ ಅಷ್ಟು ಮಹತ್ವಾಕಾಂಕ್ಷೆಯದಲ್ಲ. ಯಾರನ್ನೂ ಎಲ್ಲಿಂದ ಎಲ್ಲಿಗೂ ತಳ್ಳುವ ಉದ್ದೇಶ ಅದಕ್ಕಿಲ್ಲ. ಆದರೂ ಕಾರ್ಖಾನೆ, ಹೋಟೆಲು ಎಂದು ಬ್ರಿಟನ್ ಎಳೆದ ಗೆರೆಯ ಬದಲು ಇಲ್ಲಿ ಕಾಯಂ ಪಗಾರ, ಕೂಲಿ ಎಂಬ ಗೆರೆ ಬಿದ್ದಿದೆ. ಅದರ ಭೂಪಟ ಬಿಡಿಸಿದರೆ ಅವಳಿ ನಗರ ಗೆರೆಯ ಒಂದು ಕಡೆಗೂ ಈ ನಾಲ್ಕು ತಾಲ್ಲೂಕುಗಳ ಹೊಲ, ಮಗ್ಗ, ಜಿನ್ನುಗಳು ಇನ್ನೊಂದು ಕಡೆಗೂ ಬರುತ್ತವೆ.

ಪ್ರತಿಭಟನೆಯಿಲ್ಲದ ತೆರಿಗೆ

ಕರದ ವಿಚಾರದಲ್ಲಿ ನವಲಗುಂದ ಸುಮ್ಮನಿರುವ ಊರಲ್ಲ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರು ಸರಿಯಾಗಿ ಬರುವ ಮೊದಲೇ ಸರ್ಕಾರ ಅಭಿವೃದ್ಧಿ ಕರ ಮತ್ತು ನೀರಿನ ಕರಕ್ಕೆ ಕೈ ಹಾಕಿದಾಗ ನವಲಗುಂದ, ನರಗುಂದದ ರೈತರು ಎದ್ದುನಿಂತರು. 1980ರ ಜುಲೈ 21ರಂದು ಗೋಲಿಬಾರಾಗಿ ರೈತರು ಸತ್ತರು. ಗುಂಡೂರಾವ್ ಸರ್ಕಾರವನ್ನು ಅಲುಗಾಡಿಸಿದ, ಕರ್ನಾಟಕ ರಾಜ್ಯ ರೈತ ಸಂಘದ ಹುಟ್ಟಿಗೆ ದಾರಿಯಾದ ಆ ದಿನವನ್ನು ಪ್ರತಿವರ್ಷ ಹುತಾತ್ಮ ದಿನವಾಗಿ ಆಚರಿಸುತ್ತಾರೆ. ಅದಕ್ಕೆ ನಾಲ್ಕು ವರ್ಷ ಮೊದಲು ಜಾರಿಯಾಗಿದ್ದ ವೃತ್ತಿ ತೆರಿಗೆಯ ವಿರುದ್ಧ ಇಲ್ಲಿ ಅಂಥದೇನೂ ಆಗಲಿಲ್ಲ. ಅಭಿವೃದ್ಧಿ ಕರ ಬಂದದ್ದು ನೋಟಿಸಾಗಿ, ಎಕರೆಯ ಲೆಕ್ಕದಲ್ಲಿ, ಬೆಳೆ ಕೈಗೆ ಬಾರದ ಮನೆಯ ಬಾಗಿಲಿಗೆ. ವೃತ್ತಿ ತೆರಿಗೆ ಪಗಾರ ಕೈಗೆ ಬರುವ ಮೊದಲೇ ಹೋಗಿರುತ್ತದೆ, ಮೊತ್ತವೂ ಚಿಕ್ಕದು, ಕೊಡುವವರೂ ಪಗಾರ ತಪ್ಪದವರು. ಫೆಬ್ರುವರಿಯ ಹೆಚ್ಚುವರಿ ನೂರು ರೂಪಾಯಿಗೆ ಯಾರೂ ರಸ್ತೆಗಿಳಿಯಲಿಲ್ಲ.

ಹಣ ಹೋಗುವ ದಾರಿ

ವೃತ್ತಿ ತೆರಿಗೆಯನ್ನು ರಾಜ್ಯವೂ ಎತ್ತಬಹುದು, ಪುರಸಭೆ, ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಯೂ ಎತ್ತಬಹುದು ಎಂದು 276ನೆಯ ವಿಧಿ ಹೇಳುತ್ತದೆ. ಕರ್ನಾಟಕ ಮೊದಲನೆಯ ದಾರಿ ಹಿಡಿಯಿತು. ಕೇರಳ, ತಮಿಳುನಾಡು ಎರಡನೆಯದನ್ನು ಉಳಿಸಿಕೊಂಡವು. ಹಾಗಾಗಿ ಕಾಸರಗೋಡಿನ ಕನ್ನಡ ಶಾಲೆಯ ಶಿಕ್ಷಕ ಆರು ತಿಂಗಳಿಗೊಮ್ಮೆ ತನ್ನ ಶಾಲೆಯಿರುವ ಪಂಚಾಯಿತಿಗೇ ಇದನ್ನು ಕಟ್ಟುತ್ತಾನೆ. ಕುಂದಗೋಳದ ಶಿಕ್ಷಕನ ತೆರಿಗೆ ರಾಜ್ಯದ ಖಜಾನೆ ಸೇರುತ್ತದೆ. ಇಬ್ಬರೂ ಕೊಡುವ ಗರಿಷ್ಠ ಮೊತ್ತ ಒಂದೇ, 2,500. ರಾಜ್ಯದ ಕಡೆಯ ವಾದದಲ್ಲೂ ಹುರುಳಿದೆ. ಪಗಾರದವರೆಲ್ಲ ಹುಬ್ಬಳ್ಳಿಯಲ್ಲೇ ಕೂಡಿರುವಾಗ ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟರೆ ಮಹಾನಗರ ಪಾಲಿಕೆ ಉಬ್ಬೀತು, ಹಳ್ಳಿ ಪಂಚಾಯಿತಿಗೆ ನಾಲ್ಕಾರು ಶಿಕ್ಷಕರ ತೆರಿಗೆ ಬಂದೀತು. ರಾಜ್ಯವೇ ಎತ್ತಿ ಹಂಚಿದರೆ ಆ ಅಂತರ ಕಡಿಮೆ ಮಾಡಬಹುದು. ಆದರೆ ಹಂಚುವಿಕೆ ಸಾಮಾನ್ಯ ಅನುದಾನದ ಹೊಳೆಯಲ್ಲಿ ಸೇರಿಹೋಗುತ್ತದೆ. ಮಗ್ಗದೆರೆ, ಗಾಣದೆರೆಗಳು ಎತ್ತಿದ ಊರಲ್ಲೇ ಖರ್ಚಾಗುತ್ತಿದ್ದ ಕಾಲ ಹೋಯಿತು; ಇದು ನಮ್ಮೂರ ಮಾಸ್ತರರ ದುಡ್ಡು ಎಂದು ತೋರಿಸಿ ಕೇಳುವ ದಾರಿ ನವಲಗುಂದದ ಪುರಸಭೆಗಾಗಲೀ ತಾಲ್ಲೂಕಿನ ಯಾವ ಪಂಚಾಯಿತಿಗಾಗಲೀ ಉಳಿದಿಲ್ಲ.

ಮಿತಿಯ ಪ್ರಶ್ನೆ

1988ರ 2,500 ರೂಪಾಯಿಯ ಬೆಲೆ ಇಂದು ಬಹಳ ಕರಗಿದೆ. ಹದಿನಾಲ್ಕನೆಯ ಹಣಕಾಸು ಆಯೋಗ ಮಿತಿಯನ್ನು 12,000ಕ್ಕೆ, ಹದಿನೈದನೆಯದು 18,000ಕ್ಕೆ ಏರಿಸಬೇಕೆಂದು ಶಿಫಾರಸು ಮಾಡಿದವು. ಎರಡೂ ಸಲಹೆಗಳ ಹಿಂದೆ ಸ್ಥಳೀಯ ಸಂಸ್ಥೆಗಳ ಆದಾಯ ಹೆಚ್ಚಿಸುವ ಉದ್ದೇಶವಿತ್ತು. ಇದಕ್ಕೆ ಸಂವಿಧಾನ ತಿದ್ದುಪಡಿಯೇ ಆಗಬೇಕು, ಆಗಿಲ್ಲ. ಆದರೆ ಈಗಿನಂತೆ ಒಂದೇ ಮಟ್ಟದ ದರವನ್ನೇ ಇಟ್ಟುಕೊಂಡು 18,000 ಹಿಡಿದರೆ, 27,000 ಮೂಲ ವೇತನದ ಕಚೇರಿ ಜವಾನನಿಗೆ ವರ್ಷದ ಮೂಲ ವೇತನದ ಶೇಕಡಾ 5.5ಕ್ಕೂ ಹೆಚ್ಚು ಹೋಗುತ್ತದೆ. ಆಗ ಪಗಾರಕ್ಕೆ ತಕ್ಕಂತೆ ಮೆಟ್ಟಿಲುಗಳನ್ನು ಮಾಡುವುದು ಅನಿವಾರ್ಯ. 2015ಕ್ಕೆ ಮೊದಲಿನ ದಶಕಗಳಲ್ಲಿ ಕರ್ನಾಟಕದಲ್ಲಿ ಅಂಥ ಮೆಟ್ಟಿಲುಗಳು ಇದ್ದವು. ಒಂದು ಕಾಲಕ್ಕೆ 10,000ದಿಂದ 15,000ದವರೆಗಿನವರಿಗೆ 150, ಅದರ ಮೇಲಿನವರಿಗೆ 200 ಎಂದಿತ್ತು. ವಿನಾಯಿತಿಯ ಗೆರೆ ಏರಿದಂತೆ ಅವು ಒಂದೊಂದಾಗಿ ಬಿದ್ದುಹೋದವು.